ಮಸಿ ಬಳಿಯುವ ಕೈ ಯಾರದು?

ಪೋಸ್ಟು ಉದ್ದ ಇದೆ, ಪುರುಸೊತ್ತಾದಾಗ ಓದಿ.

ಹೋದ ತಿಂಗಳು ಒಂದು ಭಾನುವಾರ ಹಾಸ್ಟೆಲ್ ಮಕ್ಕಳ ಜೊತೆ ಕೂತಿದ್ದೆ. ಪಠ್ಯಪುಸ್ತಕದ ಹಳೇ ಪದ್ಯಗಳನ್ನ ಜೆರಾಕ್ಸ್ ಮಾಡಿಸಿ, ಬೇಡದ ಪದಗಳ ಮೇಲೆ ಕಪ್ಪು ಮಾರ್ಕರ್ ಎಳೆದು, ಉಳಿದ ಪದಗಳಲ್ಲೇ ಹೊಸ ಪದ್ಯ ಕಟ್ಟೋ ಆಟ. ಅದರ ಪಕ್ಕದಲ್ಲಿ ಪೇಪರಿನ ಚಿತ್ರ ಕತ್ತರಿಸಿ ಅಂಟಿಸೋದು. ಬ್ಲ್ಯಾಕೌಟ್ ಪೊಯೆಟ್ರಿ, ಕೊಲಾಜ್ ಅಂತಾರೆ ಇದಕ್ಕೆ. ಫೋಟೋ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ನಾವೆಲ್ಲ ಅಣ್ಣ ಅಂತ ಕರೆಯೋ ಹಿರಿಯ ಸಂಗಾತಿಯೊಬ್ಬರ ಫೋನು.

"ಏನಪ್ಪಾ, ಹೋರಾಟ ಬಿಟ್ಟು ಡ್ರಾಯಿಂಗ್ ಕ್ಲಾಸ್ ಶುರು ಮಾಡ್ಕೊಂಡ್ಯಾ? ಮಹಾಡ್‌ನಲ್ಲಿ ಬಾಬಾಸಾಹೇಬರು ಮನುಸ್ಮೃತಿಯನ್ನ ಸುಟ್ಟರು. ನೀನು ಅವರ ಪುಸ್ತಕಕ್ಕೆ ಕಾಡಿಗೆ ಹಚ್ತಾ ಕೂತಿದೀಯಲ್ಲ!"

ಫೋನಲ್ಲಿ ನನಗೆ ಉತ್ತರ ಹೊಳೀಲಿಲ್ಲ. ಅಣ್ಣ ಹೇಳಿದ್ದು ಚುಚ್ಚಿದ್ದು ನಿಜ. 1927ರ ಡಿಸೆಂಬರ್ 25 ನಮಗೆ ಸಣ್ಣ ದಿನ ಅಲ್ಲ. ಅದಕ್ಕೇ ಈ ಆಟ ಎಲ್ಲಿಂದ ಬಂತು, ಯಾರು ಯಾಕೆ ಆಡಿದರು ಅಂತ ಹುಡುಕ್ಕೊಂಡು ಹೋದೆ. ಸಿಕ್ಕಿದ್ದನ್ನ ಇಲ್ಲಿ ಇಡ್ತಿದೀನಿ.

ಅದಕ್ಕೂ ಮೊದಲು ನನ್ನ ಕಸುಬಿನ ಮಾತು ಒಂದಿಷ್ಟು. ನಾನು ಗುಮಾಸ್ತ, ಮಸಿ ಬಳಿಯೋದು ನನಗೆ ಹೊಸದೇನಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 10ನೇ ಕಲಮು, ದಾಖಲೆಯಲ್ಲಿ ಕೊಡಬಾರದ ಭಾಗ ಇದ್ದರೆ ಅದನ್ನ ಬೇರ್ಪಡಿಸಿ ಉಳಿದದ್ದನ್ನ ಕೊಡಿ ಅನ್ನುತ್ತೆ. ಬೇರ್ಪಡಿಸೋದು ಅಂದ್ರೆ ಕಚೇರಿ ಭಾಷೆಯಲ್ಲಿ ಕಪ್ಪು ಮಾಡೋದು. ಮೂಲ ಕಡತ ಮುಟ್ಟೋ ಹಾಗಿಲ್ಲ. ಜೆರಾಕ್ಸ್ ತೆಗೀಬೇಕು, ಅದರ ಮೇಲೆ ಮಾರ್ಕರ್ ಎಳೀಬೇಕು, ಎಳೆದದ್ದನ್ನ ಮತ್ತೆ ಜೆರಾಕ್ಸ್ ಮಾಡಬೇಕು. ಎರಡನೇ ಸಲ ಮಾಡದೆ ಕೊಟ್ರೆ ಕಿಟಕಿ ಬೆಳಕಿಗೆ ಹಿಡಿದ ಕೂಡಲೇ ಅಡಗಿದ ಅಕ್ಷರ ಎದ್ದು ಕಾಣ್ತವೆ. ಮೇಲಿನವರು ತೋರಿಸಿದ ಕಡೆ ನಾನೂ ಬಳಿದಿದ್ದೇನೆ. ಮುಚ್ಚಿಡೋದೇನಿಲ್ಲ.

ಒಮ್ಮೆ ನಾನೇ ಅರ್ಜಿದಾರನಾಗಿ ಬೇರೊಂದು ಕಚೇರಿಗೆ ಎಸ್‌ಸಿಎಸ್‌ಪಿ ಖರ್ಚಿನ ಲೆಕ್ಕ ಕೇಳಿದೆ. ಬಂದ ಪುಟಗಳು ಕರಿ ಕಂಬಳಿ ಹೊದ್ದು ಮಲಗಿದ್ವು. ಒಂದು ಪುಟದಲ್ಲಿ "ಸದರಿ", "ಮೇಲ್ಕಂಡ", "ಮಂಜೂರಾತಿ" ಅಂತ ಮೂರೇ ಪದ ಉಸಿರಾಡ್ತಿದ್ವು. ನಾನೂ ಅದೇ ಕಸುಬಿನವನಾದ್ದರಿಂದ ಕಿಟಕಿ ಹತ್ರ ಹಿಡಿದು ನೋಡಿದೆ. ಎರಡನೇ ಜೆರಾಕ್ಸ್ ಮಾಡಿದ್ರು. ಕಸುಬು ಗೊತ್ತಿದ್ದವರೇ.

ಅಂದ್ರೆ ಅಕ್ಷರ ಮುಚ್ಚೋ ಕೈಗಳಲ್ಲಿ ಮೊದಲನೆಯದು ಅಧಿಕಾರದ್ದು. ಕವಿಗಳು ಆ ಮಾರ್ಕರನ್ನ ಕಿತ್ಕೊಂಡಿದ್ದು ಆಮೇಲೆ.

ಕಿತ್ಕೊಂಡವರಲ್ಲಿ ಹೆಚ್ಚು ಹೆಸರಾದವನು ಇಂಗ್ಲೆಂಡಿನ ಚಿತ್ರಕಾರ ಟಾಮ್ ಫಿಲಿಪ್ಸ್. 1966ರಲ್ಲಿ ಲಂಡನ್ನಿನ ಪೆಕಮ್ ರೈ ಅನ್ನೋ ಕಡೆ ಹಳೇ ಸಾಮಾನಿನ ಅಂಗಡಿಗೆ ಹೋಗಿ, ಮೂರು ಪೆನ್ಸಿಗೆ ಸಿಗುವ ಮೊದಲನೇ ಪುಸ್ತಕ ತಗೋತೀನಿ ಅಂತ ತೀರ್ಮಾನ ಮಾಡಿ ಕೈ ಹಾಕಿದ. ಸಿಕ್ಕಿದ್ದು ಡಬ್ಲ್ಯೂ. ಎಚ್. ಮ್ಯಾಲಕ್ ಎಂಬಾತ 1892ರಲ್ಲಿ ಬರೆದ 'ಎ ಹ್ಯೂಮನ್ ಡಾಕ್ಯುಮೆಂಟ್' ಕಾದಂಬರಿ. ಅದರ ಪ್ರತಿ ಪುಟದ ಮೇಲೂ ಬಣ್ಣ ಹಚ್ಚಿ, ಅಲ್ಲೊಂದು ಇಲ್ಲೊಂದು ಪದ ಬಿಟ್ಟು, 'ಎ ಹ್ಯೂಮ್ಯುಮೆಂಟ್' ಅಂತ ಬೇರೆಯದೇ ಪುಸ್ತಕ ಮಾಡಿದ. ಐವತ್ತು ವರ್ಷ ಅದನ್ನೇ ತಿದ್ದುತ್ತಾ ಕೂತ, ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಮ್ಯಾಲಕ್ ಸಮಾಜವಾದದ ವಿರುದ್ಧ ಪುಸ್ತಕ ಬರೆದ ಮನುಷ್ಯ. ಅವನ ಪುಟಗಳಿಗೆ ಈ ಗತಿ ಬಂತಲ್ಲ ಅಂತ ನನಗೆ ಸ್ವಲ್ಪ ಖುಷಿಯೇ ಆಯ್ತು.

ಕಾವ್ಯಕ್ಕೇ ಕೈ ಹಾಕಿದವನು ಅಮೆರಿಕದ ರೊನಾಲ್ಡ್ ಜಾನ್ಸನ್. ಇಂಗ್ಲಿಷಿನವರು ತಲೆ ಮೇಲೆ ಹೊತ್ತುಕೊಳ್ಳೋ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ತಗೊಂಡು, ಮೊದಲ ನಾಲ್ಕು ಕಾಂಡಗಳಲ್ಲಿ ಬಹುಪಾಲು ಪದ ಅಳಿಸಿ, 1977ರಲ್ಲಿ 'ರೇಡಿ ಆಸ್' ಪ್ರಕಟಿಸಿದ. ಶೀರ್ಷಿಕೆ ಕೂಡ ಮೂಲದ ಹೆಸರಿನೊಳಗಿಂದ ಅಕ್ಷರ ಹೆಕ್ಕಿದ್ದು. 2004ರಲ್ಲಿ ಜೆನ್ ಬರ್ವಿನ್ ಎಂಬಾಕೆ ಶೇಕ್ಸ್‌ಪಿಯರನ ಸಾನೆಟ್ಟುಗಳಿಗೆ ಇದನ್ನೇ ಮಾಡಿದಳು, ಆದರೆ ಮಸಿ ಬಳಿಯಲಿಲ್ಲ. ಮೂಲ ಪದ್ಯವನ್ನ ತೆಳು ಬೂದು ಬಣ್ಣದಲ್ಲಿ ಹಾಗೇ ಬಿಟ್ಟು, ತಾನು ಆರಿಸಿದ ಪದಗಳನ್ನ ಮಾತ್ರ ದಪ್ಪ ಕಪ್ಪಲ್ಲಿ ಅಚ್ಚು ಹಾಕಿಸಿದಳು. ಕಿಟಕಿ ಬೆಳಕಿಗೆ ಹಿಡಿದ ಪುಟದ ಹಾಗೆ. ಈಗ ಇನ್‌ಸ್ಟಾಗ್ರಾಂನಲ್ಲಿ ಹುಡುಗ ಹುಡುಗೀರು ಪೇಪರಿನ ಮೇಲೆ ಮಾರ್ಕರ್ ಎಳೆದು ಹಾಕೋ ಪದ್ಯಗಳಿಗೆ ಆಸ್ಟಿನ್ ಕ್ಲಿಯಾನ್ 2010ರಲ್ಲಿ ತಂದ ಪುಸ್ತಕವೇ ದೊಡ್ಡ ದಾರಿ.

ಇಲ್ಲೀ ತನಕ ಓದಿ ನನಗೆ ಅನ್ನಿಸಿದ್ದು, ಅಣ್ಣ ಹೇಳಿದ್ದು ಸರಿ ಅಂತಲೇ. ಇವರಿಗೆಲ್ಲ ಅದು ಅಪ್ಪನ ಮನೆ ಗೋಡೆ. ಗೀಚಿದರೂ ಮನೆ ಅವರದೇ. ಆ ಮನೆ ಅಂಗಳಕ್ಕೇ ಕಾಲಿಡಬಾರದು ಅನ್ನಿಸಿಕೊಂಡವರು ಕತ್ತರಿ ಹಿಡಿದರೆ ಏನಾಗುತ್ತೆ ಅನ್ನೋದು ಬೇರೆ ಕತೆ.

ಆ ಕತೆಯಲ್ಲಿ ನನಗೆ ತೀರಾ ಹತ್ತಿರದವನು ರೋಮರ್ ಬೇರ್ಡನ್. ಹುಟ್ಟಿದ್ದು 1911, ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಊರಲ್ಲಿ. ದಕ್ಷಿಣದ ಜನಾಂಗದ್ವೇಷದಿಂದ ತಪ್ಪಿಸಿಕೊಂಡು ಲಕ್ಷಾಂತರ ಕರಿಯರು ಉತ್ತರಕ್ಕೆ ಗುಳೆ ಹೋದರಲ್ಲ, ಆ ಕಾಲದಲ್ಲೇ ಇವನ ಮನೆಯವರೂ ನ್ಯೂಯಾರ್ಕಿನ ಹಾರ್ಲೆಮ್ಮಿಗೆ ಬಂದರು. ಓದಿದ, ಎರಡನೇ ಮಹಾಯುದ್ಧದಲ್ಲಿ ಕರಿಯರಿಗೇ ಬೇರೆ ಮಾಡಿಟ್ಟ ಪಡೆಯಲ್ಲಿ ದುಡಿದ. ಆಮೇಲೆ ನ್ಯೂಯಾರ್ಕ್ ನಗರದ ಸಮಾಜ ಕಲ್ಯಾಣ ಇಲಾಖೆಯಲ್ಲಿ ನೌಕರಿ, 1969ರವರೆಗೂ. ಹಗಲು ಬಡವರ ಕಡತ, ರಾತ್ರಿ ಮತ್ತು ರಜೆ ದಿನ ಚಿತ್ರ. ಇದನ್ನ ಓದಿದ ದಿನ ನನ್ನ ಟೇಬಲ್ಲಿನ ಮೇಲಿನ ಟಪಾಲು ರಾಶಿ ಅಷ್ಟೇನೂ ಭಾರ ಅನ್ನಿಸಲಿಲ್ಲ.

1963ರಲ್ಲಿ, ವಾಷಿಂಗ್ಟನ್ ಜಾಥಾ ನಡೆದ ವರ್ಷ, ಬೇರ್ಡನ್ ಮತ್ತು ಜೊತೆಯ ಕರಿಯ ಕಲಾವಿದರು 'ಸ್ಪೈರಲ್' ಅನ್ನೋ ಗುಂಪು ಕಟ್ಟಿದರು. ಹೋರಾಟದ ಕಾಲದಲ್ಲಿ ಚಿತ್ರಕಾರ ಏನು ಮಾಡಬೇಕು? ನೋಡಿ, ಅಣ್ಣ ನನಗೆ ಕೇಳಿದ ಪ್ರಶ್ನೆಯೇ. ಎಲ್ಲರೂ ಸೇರಿ ಒಂದು ಕೊಲಾಜ್ ಮಾಡೋಣ ಅಂದ ಬೇರ್ಡನ್. ಬೇರೆಯವರು ಆಸಕ್ತಿ ತೋರಿಸಲಿಲ್ಲ, ತಾನೊಬ್ಬನೇ ಶುರು ಮಾಡಿದ. ಮ್ಯಾಗಜೀನುಗಳ ಫೋಟೋ ಕತ್ತರಿಸಿ ಒಂದು ಮುಖಕ್ಕೆ ನಾಲ್ಕು ಮುಖದ ತುಂಡು ಸೇರಿಸಿದ. ಕಣ್ಣು ಒಬ್ಬರದು, ಬಾಯಿ ಇನ್ನೊಬ್ಬರದು, ನಡುವೆ ಆಫ್ರಿಕಾದ ಮುಖವಾಡದ ಚೂರು. ನಮ್ಮವ್ವ ಹಳೇ ಸೀರೆ, ಲುಂಗಿ, ಅಕ್ಕಿ ಚೀಲದ ತುಂಡೆಲ್ಲ ಸೇರಿಸಿ ಹೊಲೀತಿದ್ದ ಕೌದಿ ನೆನಪಾಗುತ್ತೆ ನನಗೆ. ಅದರಲ್ಲಿ ಯಾವ ಬಟ್ಟೆ ಯಾರದು ಅಂತ ಮನೆಯವರಿಗೆಲ್ಲ ಗೊತ್ತಿರ್ತಿತ್ತು.

ಹಾಗೆ ಬಂದು 1977ರಲ್ಲಿ ಬೇರ್ಡನ್ ಹೋಮರನ 'ಒಡಿಸ್ಸಿ'ಗೆ ಕೈ ಹಾಕಿದ. ಯುರೋಪಿನವರ ಎರಡು ಆದಿಕಾವ್ಯಗಳಲ್ಲಿ ಒಂದು. ಯುದ್ಧ ಮುಗಿಸಿದ ರಾಜನೊಬ್ಬ ಸಮುದ್ರದಲ್ಲಿ ದಿಕ್ಕು ತಪ್ಪಿ, ಹತ್ತು ವರ್ಷ ಅಲೆದು ಮನೆ ಸೇರೋ ಕತೆ. ಬೇರ್ಡನ್ ಬಣ್ಣದ ಕಾಗದ ಕತ್ತರಿಸಿ ಇಪ್ಪತ್ತು ಕೊಲಾಜ್ ಮಾಡಿದ. ಕತೆ ಅದೇ, ಹೆಸರುಗಳು ಅವೇ. ಆದರೆ ಒಡಿಸ್ಸಿಯಸ್ ಕರಿಯ, ಅವನ ಹೆಂಡತಿ ಕರಿಯಳು, ಮಾಟಗಾತಿ ಸರ್ಸಿ ಕರಿಯಳು, ಸಮುದ್ರದೇವ ಪೊಸೈಡನ್ನನ ಮುಖ ಆಫ್ರಿಕಾದ ಮುಖವಾಡ. ನೀಲಿ ಹಸಿರು ನೀರಿನ ನಡುವೆ ಕಪ್ಪು ಮೈಗಳು. ಅಷ್ಟೇ ಮಾಡಿದ್ದು. ಅಷ್ಟಕ್ಕೇ ಕಾವ್ಯ ಮಗುಚಿಕೊಳ್ಳುತ್ತೆ. ಹಡಗು, ಸಮುದ್ರ, ಮುಳುಗಿದವರು, ಮನೆ ಸೇರದವರು ಅಂದ ಕೂಡಲೇ ಆಫ್ರಿಕಾದಿಂದ ಸರಪಳಿ ಹಾಕಿ ತಂದ ಜನರ ಸಮುದ್ರ ಕಣ್ಣಿಗೆ ಬರುತ್ತೆ. ಆ ರಾಜ ಕೊನೆಗೆ ಮನೆ ಸೇರಿದ. ಇವರು ಯಾವ ಮನೆಗೆ ಹೋಗಬೇಕು? ಬೇರ್ಡನ್ ಎಲ್ಲೂ ಇದನ್ನ ಬರೆದು ಅಂಟಿಸಿಲ್ಲ. ಕಾಗದದ ಬಣ್ಣ ಬದಲಾಯಿಸಿದ, ಅಷ್ಟೇ.

ಸಮುದ್ರದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಲೇಬೇಕು. ಇದು ಕಾವ್ಯ ಕತ್ತರಿಸಿದ್ದಲ್ಲ, ಕೋರ್ಟಿನ ಕಾಗದ ಕತ್ತರಿಸಿ ಕಾವ್ಯ ತೆಗೆದದ್ದು. 1781ರಲ್ಲಿ 'ಜಾಂಗ್' ಅನ್ನೋ ಗುಲಾಮರ ಹಡಗು ಜಮೈಕಾದ ದಾರಿ ತಪ್ಪಿತು. ಕುಡಿಯೋ ನೀರು ಸಾಲಲ್ಲ ಅಂತ ನೆಪ ಹೇಳಿ 130ಕ್ಕೂ ಹೆಚ್ಚು ಆಫ್ರಿಕನ್ನರನ್ನ ಜೀವಂತ ಸಮುದ್ರಕ್ಕೆ ಎಸೆದರು. ಹಡಗು ಜಮೈಕಾ ಮುಟ್ಟಿದಾಗ ಅದರಲ್ಲಿ ಇನ್ನೂ ನೀರಿತ್ತು. ಲಿವರ್‌ಪೂಲಿನ ಮಾಲೀಕರು ತಲೆಗೆ 30 ಪೌಂಡಿನಂತೆ ವಿಮೆ ಕೇಳಿದರು. 1783ರಲ್ಲಿ ಲಂಡನ್ನಿನ ಕೋರ್ಟಿಗೆ ಬಂದ 'ಗ್ರೆಗ್ಸನ್ ವರ್ಸಸ್ ಗಿಲ್ಬರ್ಟ್' ಕೇಸು ಕೊಲೆಯದ್ದಲ್ಲ, ವಿಮೆಯದ್ದು. ಕುದುರೆಗಳನ್ನ ಎಸೆದ ಹಾಗೇ ಇದೂ ಅನ್ನೋ ಹೋಲಿಕೆ ಆ ಕೋರ್ಟಿನಲ್ಲಿ ಬಂತು. ಕೊಲೆ ಅಂತ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ.

ಆ ಕೇಸಿನ ಅಚ್ಚಾದ ವರದಿ ಇರೋದು ಎರಡು ಪುಟದಷ್ಟು. ಸತ್ತವರ ಒಂದು ಹೆಸರೂ ಅದರಲ್ಲಿಲ್ಲ. ಟೊಬೇಗೊ ದ್ವೀಪದಲ್ಲಿ ಹುಟ್ಟಿ ಕೆನಡಾದಲ್ಲಿ ವಕೀಲಿಕೆ ಮಾಡಿದ ಕವಿ ಎಂ. ನೂರ್ಬೆಸಿ ಫಿಲಿಪ್ ಆ ಎರಡು ಪುಟದ ಪದಗಳನ್ನೇ ಹಿಡಿದು, ಒಡೆದು, ಚೂರು ಚೂರು ಮಾಡಿ 2008ರಲ್ಲಿ 'ಜಾಂಗ್!' ಎಂಬ ಪುಸ್ತಕ ತಂದರು. ಪುಟದ ಮೇಲೆ ಪದಗಳು ನೀರಲ್ಲಿ ತೇಲೋ ಹಾಗೆ ದೂರ ದೂರ ಬಿದ್ದಿವೆ. ಮೊದಲ ಭಾಗದಲ್ಲಿ ಪುಟದ ಅಡಿಯಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಆಫ್ರಿಕಾದ ಹೆಸರುಗಳು. ಕೋರ್ಟು ಬರೆಯದ ಹೆಸರುಗಳನ್ನ ಈಕೆ ಕಲ್ಪಿಸಿ ನೀರಿನ ಅಡಿಯಲ್ಲಿ ಇಟ್ಟಿದ್ದಾರೆ.

ಈ ಪುಸ್ತಕದ ಬಗ್ಗೆ ಓದಿದ ಮೇಲೆ ಅಣ್ಣನಿಗೆ ನಾನೇ ಫೋನ್ ಮಾಡಿದೆ. "ಅಣ್ಣಾ, ಆ ಎರಡು ಪುಟ ಸುಟ್ಟಿದ್ರೆ ಏನಾಗ್ತಿತ್ತು? ಆ ಜನ ಇದ್ದರು ಅನ್ನೋಕೆ ಕೊಂದವರ ಕಾಗದವೇ ಸಾಕ್ಷಿ." ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಮನುಸ್ಮೃತಿ ಸುಟ್ಟಿದ್ದು ಅದು ಪುಸ್ತಕ ಅಂತ ಅಲ್ಲ ಕಣಪ್ಪಾ, ಅದು ನಮ್ಮ ಮೇಲೆ ಇನ್ನೂ ನಡೀತಿದ್ದ ಕಾನೂನು ಅಂತ" ಅಂದ್ರು. ಅದು ಸರಿ. ಸುಟ್ಟ ಬಾಬಾಸಾಹೇಬರೇ ಆಮೇಲೂ ವೇದ, ಸ್ಮೃತಿ, ಪುರಾಣಗಳನ್ನ ಸಾಲು ಸಾಲಾಗಿ ಓದಿ, 1946ರಲ್ಲಿ ಶೂದ್ರರು ಯಾರು, 1948ರಲ್ಲಿ ಅಸ್ಪೃಶ್ಯರು ಯಾರು ಅಂತ ಅವುಗಳೊಳಗಿಂದಲೇ ಹೆಕ್ಕಿ ಬರೆದರು. ಅವರಿಗಿಂತ ಮುಂಚೆ, 1873ರಲ್ಲಿ, ಜೋತಿಬಾ ಫುಲೆ 'ಗುಲಾಮಗಿರಿ'ಯಲ್ಲಿ ದಶಾವತಾರದ ಕತೆಗಳನ್ನೇ ತಗೊಂಡು ಬಲಿಚಕ್ರವರ್ತಿ ಕಡೆಯಿಂದ ತಿರುಗಿಸಿ ಹೇಳಿದರು. ಆ ಪುಸ್ತಕವನ್ನ ಅವರು ಅರ್ಪಿಸಿದ್ದು ಯಾರಿಗೆ ಗೊತ್ತಲ್ಲ? ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. ಬೇರ್ಡನ್ನನ ಕತ್ತರಿಗೂ ಫುಲೆಯವರ ಲೇಖನಿಗೂ ನಾನು ಬಲವಂತವಾಗಿ ನಂಟು ಹಾಕ್ತಿಲ್ಲ, ನಂಟು ಮೊದಲೇ ಇದೆ.

ಆದರೆ ಅಣ್ಣ ಅಲ್ಲಿಗೆ ಬಿಡಲಿಲ್ಲ. "ಎಷ್ಟು ಕತ್ತರಿಸಿದ್ರೂ ಕೊನೆಗೆ ಉಳಿಯೋದು ಅವರ ಪದಗಳೇ ತಾನೇ? 1975ರಲ್ಲಿ ಸಿದ್ಧಲಿಂಗಯ್ಯ 'ಹೊಲೆಮಾದಿಗರ ಹಾಡು' ತಂದಾಗ ಯಾರ ಪದ್ಯ ಕತ್ತರಿಸಿದ್ರು?" ಇದಕ್ಕೆ ನನ್ನ ಹತ್ರ ಈಗಲೂ ಉತ್ತರ ಇಲ್ಲ. ಮಕ್ಕಳು ತಮ್ಮ ಪದ್ಯ ತಾವೇ ಬರೀಬೇಕು, ಬರೀತಾರೆ ಕೂಡ. ಆದರೆ ಹಳೇ ಪದ್ಯದ ಮುಂದೆ ಕೈಕಟ್ಟಿ ನಿಲ್ಲೋ ಹೆದರಿಕೆ ಮೊದಲು ಹೋಗಲಿ ಅನ್ನೋದು ನನ್ನ ಆಸೆ. ಅದು ನನಗೆ ಹೋಗಿದ್ದು ತಡವಾಗಿ.

ಎಂಟನೇ ಕ್ಲಾಸಲ್ಲಿ ನನಗೆ ಅರ್ಧ ಬೆಲೆಗೆ ಸಿಕ್ಕ ಕನ್ನಡ ಪುಸ್ತಕದ ಒಂದು ಹಳಗನ್ನಡ ಪದ್ಯದ ಮೇಲೆ ಮಸಿ ಚೆಲ್ಲಿತ್ತು. ಪುಸ್ತಕದ ಮೊದಲಿನ ಯಜಮಾನ ಅದನ್ನ ಕೈಗೆ ಕೊಡಲಿಲ್ಲ, ಜಗಲಿ ಮೇಲಿಂದ ಎಸೆದಿದ್ದ. ಕಂಡಷ್ಟು ಪದ ಬಾಯಿಪಾಠ ಮಾಡಿ ಹೋದೆ. ಮೇಷ್ಟ್ರು ನಿಲ್ಲಿಸಿ ಹೇಳಿಸಿದಾಗ ಸಾಲಿಗೆರಡು ಪದ ಹೇಳಿ ಮುಂದಿನ ಸಾಲಿಗೆ ಹಾರ್ತಿದ್ದೆ. ಕ್ಲಾಸೆಲ್ಲ ನಕ್ಕಿತು. "ನಿಮ್ಮ ನಾಲಿಗೆಗೆ ಇದು ಹೊರಳಲ್ಲ, ಕೂತ್ಕೋ" ಅಂದ್ರು. ಪುಸ್ತಕದಲ್ಲಿ ಅಷ್ಟೇ ಇದೆ ಸಾರ್ ಅಂತ ಹೇಳೋ ಧೈರ್ಯ ಬರಲಿಲ್ಲ.

ಹಾಸ್ಟೆಲ್ಲಿನಲ್ಲಿ ಆ ಭಾನುವಾರ ಮಕ್ಕಳಿಗೆ ಕೊಟ್ಟದ್ದು ಅಂಥದೇ ಒಂದು ಕೊಳದ ವರ್ಣನೆಯ ಪದ್ಯ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತಾವರೆಗೆ ಮಸಿ ಬಳಿದಳು, ಹಂಸಕ್ಕೆ ಬಳಿದಳು, ದುಂಬಿಗೆ ಬಳಿದಳು. ಒಂದೇ ಒಂದು ಪದ ಬಿಟ್ಟಳು, ನೀರ್. ಆಮೇಲೆ ಪೇಪರಿನ ಜಾಹೀರಾತಿಂದ ಒಂದು ಪ್ಲಾಸ್ಟಿಕ್ ಕೊಡ ಕತ್ತರಿಸಿ, ಪದದಿಂದ ದೂರ, ಹಾಳೆಯ ತುತ್ತ ತುದಿಯಲ್ಲಿ ಅಂಟಿಸಿದಳು. "ಹತ್ರ ಅಂಟಿಸಬಹುದಿತ್ತಲ್ಲವಾ" ಅಂದೆ. "ನಮ್ಮೂರಲ್ಲಿ ಅಷ್ಟೇ ದೂರ ಇಡಬೇಕು ಸಾರ್" ಅಂದಳು. ಆಕೆಗೆ ಮಹಾಡ್ ಕೆರೆಯ ಕತೆ ಇನ್ನೂ ಯಾರೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ಆ ಹಾಳೆಯ ಫೋಟೋ ಹಾಕ್ತಿಲ್ಲ. ಅದು ಅವಳ ಪೆಟ್ಟಿಗೆಯಲ್ಲಿದೆ. ಅಣ್ಣ ಮುಂದಿನ ಭಾನುವಾರ ತಾವೇ ಬಂದು ನೋಡ್ತೀನಿ ಅಂದಿದ್ದಾರೆ, ಹಾಡು ಹೇಳಿಕೊಡ್ತೀನಿ ಅಂತಲೂ ಷರತ್ತು ಹಾಕಿದ್ದಾರೆ. ಬರೋರು ಮನೇಲಿರೋ ಹಳೇ ಪೇಪರ್, ಕತ್ತರಿ, ಗೋಂದು ತನ್ನಿ. ಮಾರ್ಕರ್ ನಾನು ತರ್ತೀನಿ.