ಮಂಗನ ಕಾಯಿಲೆ ಮತ್ತು ಇಂಟರ್‌ಫೆರಾನ್: ಒಂದೇ ವರ್ಷದ ಎರಡು ಶೋಧಗಳು

ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ 1957 ಮುಖ್ಯವಾದ ವರ್ಷ. ಆ ವರ್ಷ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಸೌದೆ, ತರಗೆಲೆಗಳಿಗಾಗಿ ಕಾಡಿಗೆ ಹೋಗಿಬರುತ್ತಿದ್ದ ಸುತ್ತಲಿನ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು. ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರಿದ್ದ ಪುಣೆಯ ವೈರಾಣು ಸಂಶೋಧನ ಕೇಂದ್ರದ ತಂಡವು, ಉಣ್ಣೆಗಳ ಕಡಿತದಿಂದ ಹರಡುವ ಹೊಸ ವೈರಾಣುವೊಂದನ್ನು ಗುರುತಿಸಿತು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ಯಾಯಿತು.

ಅದೇ ವರ್ಷ ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನ ಸಂಸ್ಥೆಯಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾಂ ಲಿಂಡೆನ್‌ಮಾನ್ ಅವರು, ಶಾಖದಿಂದ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಾಣುವನ್ನು ಕೋಳಿಮೊಟ್ಟೆಯ ಪೊರೆಗೆ ಸೋಕಿಸಿದರು. ಆ ಪೊರೆಯಿಂದ ಹೊರಬಂದ ವಸ್ತುವು ಇತರ ಕೋಶಗಳನ್ನು ಸೋಂಕಿನಿಂದ ಕಾಪಾಡಿತು. ಅದಕ್ಕೆ ಅವರು ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಕೋಶಗಳ ನಡುವೆ ಸಂದೇಶ ಒಯ್ಯುವ ಸೈಟೊಕೈನ್‌ಗಳ ವರ್ಗಕ್ಕೆ ಅದು ಮುಂದೆ ಸೇರಿತು.

ಇಂಟರ್‌ಫೆರಾನ್ ತಾನೇ ವೈರಾಣುವನ್ನು ಕೊಲ್ಲುವುದಿಲ್ಲ. ಕೋಶದ ವಂಶವಾಹಿಗಳನ್ನು ಎಚ್ಚರಿಸುತ್ತದೆ. ಇದು ಹೇಗೆಂಬುದು 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಜೇಮ್ಸ್ ಡಾರ್ನೆಲ್, ಲಂಡನ್ನಿನ ಇಯಾನ್ ಕೆರ್ ಮತ್ತು ಜಾರ್ಜ್ ಸ್ಟಾರ್ಕ್ ಅವರ ಬಳಗಗಳ ಸಂಶೋಧನೆಯಿಂದ ತಿಳಿಯಿತು. ಆಲ್ಫಾ ಮತ್ತು ಬೀಟಾ ಇಂಟರ್‌ಫೆರಾನ್‌ಗಳು ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅಂಟಿಕೊಂಡಾಗ ಜ್ಯಾಕ್1, ಟೈಕ್2 ಎಂಬ ಕಿಣ್ವಗಳು ಚುರುಕಾಗುತ್ತವೆ. ಅವು ಸ್ಟ್ಯಾಟ್1, ಸ್ಟ್ಯಾಟ್2 ಪ್ರೋಟೀನುಗಳಿಗೆ ಫಾಸ್ಫೇಟನ್ನು ಸೇರಿಸುತ್ತವೆ. ಈ ಜೋಡಿ ಐಆರ್‌ಎಫ್9 ಎಂಬ ಮತ್ತೊಂದು ಪ್ರೋಟೀನಿನೊಡನೆ ಕೋಶಕೇಂದ್ರವನ್ನು ಹೊಕ್ಕು, ಡಿಎನ್‌ಎಯ ನಿರ್ದಿಷ್ಟ ತಾಣಗಳಲ್ಲಿ ನೆಲೆಗೊಳ್ಳುತ್ತದೆ. ಆಗ ವೈರಾಣುವನ್ನು ಎದುರಿಸುವ ನೂರಾರು ವಂಶವಾಹಿಗಳು ಅಭಿವ್ಯಕ್ತಗೊಳ್ಳುತ್ತವೆ. ರೋಗನಿರೋಧಕ ಕೋಶಗಳು ಈ ಸಂದೇಶವನ್ನು ಕಳುಹಿಸುವುದೂ ಉಂಟು, ಸ್ವೀಕರಿಸುವುದೂ ಉಂಟು.

ಪರಸ್ಪರ ಅರಿವಿಲ್ಲದೆ ಒಂದೇ ವರ್ಷ ಆರಂಭವಾದ ಈ ಎರಡು ಅಧ್ಯಯನಧಾರೆಗಳು ಸಂಧಿಸಲು ಅರ್ಧ ಶತಮಾನವೇ ಬೇಕಾಯಿತು. ಮಂಗನ ಕಾಯಿಲೆಯ ವೈರಾಣುವಿನ ಎನ್‌ಎಸ್5 ಎಂಬ ಪ್ರೋಟೀನು ಇಂಟರ್‌ಫೆರಾನಿನ ಸಂದೇಶವನ್ನು ಕೋಶದೊಳಗೇ ತಡೆಯಬಲ್ಲದೆಂದು 2012ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಸಂದೇಶ ಬಾಗಿಲಿಗೆ ಬಂದರೂ ವಂಶವಾಹಿಗೆ ತಲುಪದು. ಇಂಟರ್‌ಫೆರಾನನ್ನು ಔಷಧವಾಗಿ ಕೊಡುವುದಷ್ಟರಿಂದಲೇ ಈ ಕಾಯಿಲೆ ಮಣಿಯಲಾರದೆಂಬ ಶಂಕೆಗೆ ಇಲ್ಲಿ ಆಧಾರವಿದೆ.

ಸೋಂಕಿತರಲ್ಲಿ ಶೇಕಡ 3ರಿಂದ 5ರಷ್ಟು ಮಂದಿ ಸಾಯುವ ಈ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ದಶಕಗಳ ಕಾಲ ಮಲೆನಾಡಿನಲ್ಲಿ ಹಾಕುತ್ತಿದ್ದ ಹಳೆಯ ಲಸಿಕೆಯನ್ನು, ಅದರ ಪರಿಣಾಮ ಸಾಲದೆಂದು ಕೈಬಿಡಲಾಗಿದೆ. ಕೋಶದೊಳಗಿನ ಈ ಸಂದೇಶಮಾರ್ಗದ ಅಧ್ಯಯನವು ಕಾಡಂಚಿನ ಬಡಕುಟುಂಬಗಳ ಜೀವರಕ್ಷಣೆಯೊಂದಿಗೆ ನೇರವಾಗಿ ಬೆಸೆದುಕೊಂಡಿರುವುದು ಈ ಕಾರಣದಿಂದಲೇ.