ಕಡತ ಯಾರದ್ದು?

ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕನ್ನಡದಲ್ಲಿ ಕಡತ ಎಂದು ಹೆಸರು. ಕಂಪ್ಯೂಟರಿನ ಫೈಲಿಗೂ ನಾವು ಅದೇ ಹೆಸರು ಕೊಟ್ಟಿದ್ದೇವೆ. ಬಟ್ಟೆಯ ಕಡತವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡಾಗ ಮಾತ್ರ ಒಡೆತನವನ್ನು ಬರೆದೇ ಇಡಬೇಕು. ಆ ಬರಹಕ್ಕೂ ಒಂದು ಚರಿತ್ರೆಯಿದೆ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟತೊಡಗಿದರು. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲೇ ಎರಡು ಆಜ್ಞೆಗಳಿವೆ: ಒಡೆಯನನ್ನು ಬದಲಿಸುವ ಚ್‌ಓನ್, ಅನುಮತಿ ಬದಲಿಸುವ ಚ್‌ಮಾಡ್. ಆಗ ಇದ್ದದ್ದು ಎರಡೇ ವರ್ಗ, ಒಡೆಯ ಮತ್ತು ಉಳಿದವರು. ‘ಗುಂಪು’ ಆಮೇಲೆ ಸೇರಿತು. ಇಂದಿನ 755ರಲ್ಲಿ ಮೂರು ಅಂಕಿಗಳಿರುವುದು ಅದಕ್ಕೇ. ಓದಲು 4, ಬರೆಯಲು 2, ನಡೆಸಲು 1. ಒಡೆಯನಿಗೆ ಮೂರೂ ಸೇರಿ 7, ಗುಂಪಿಗೂ ಇತರರಿಗೂ ಬರೆಯುವ ಹಕ್ಕಿಲ್ಲದ 5.

ಒಂದು ತೊಡಕಿತ್ತು. ಗುಪ್ತಪದಗಳ ಕಡತವನ್ನು ತಿದ್ದುವ ಹಕ್ಕು ‘ರೂಟ್’ ಎಂಬ ಯಜಮಾನನಿಗೆ ಮಾತ್ರ. ಹಾಗಿದ್ದರೆ ಸಾಮಾನ್ಯರು ತಮ್ಮ ಗುಪ್ತಪದ ಬದಲಿಸುವುದು ಹೇಗೆ? ರಿಚಿ ಕಂಡುಕೊಂಡ ಉಪಾಯ ಸೆಟ್‌ಯುಐಡಿ. ಅದರ ಗುರುತಿರುವ ಪ್ರೋಗ್ರಾಮು ಯಾರು ನಡೆಸಿದರೂ ತನ್ನ ಒಡೆಯನ ಅಧಿಕಾರದಲ್ಲೇ ಓಡುತ್ತದೆ. ಇದಕ್ಕೆ 1979ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಯಿತು.

ಇಂದಿನ ‘ಸುಡೊ’ ನಿಂತಿರುವುದೂ ಈ ಗುರುತಿನ ಮೇಲೆಯೇ. ‘ಅನುಮತಿ ಇಲ್ಲ’ ಎಂಬ ಸಂದೇಶಕ್ಕೆ ಬೇಸತ್ತು ಲಿನಕ್ಸಿನಲ್ಲಿ ಇಡೀ ‘ಯುಎಸ್‌ಆರ್’ ಫೋಲ್ಡರನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವವರಿದ್ದಾರೆ. ಆ ಕ್ಷಣವೇ ಸುಡೊ ರೂಟ್‌ನ ಒಡೆತನದಿಂದ ಕಳಚಿಕೊಳ್ಳುತ್ತದೆ, ಕೆಲಸ ನಿಲ್ಲಿಸುತ್ತದೆ. ತಿದ್ದಲು ಬೇಕಾದ ಬೀಗದ ಕೈ ಆ ಬೀಗದೊಳಗೇ ಉಳಿಯುತ್ತದೆ.

ಈಗ ಯಜಮಾನನ ಕೈಯನ್ನೂ ಕಟ್ಟಲಾಗಿದೆ. ವಿಂಡೋಸ್ ವಿಸ್ತಾದಿಂದೀಚೆಗೆ ಎಷ್ಟೋ ವ್ಯವಸ್ಥಾ ಕಡತಗಳ ಒಡೆಯ ‘ಟ್ರಸ್ಟೆಡ್‌ಇನ್‌ಸ್ಟಾಲರ್’. ಅದು ಮನುಷ್ಯನಲ್ಲ, ಒಂದು ಸೇವೆ. 2015ರ ಎಲ್ ಕ್ಯಾಪಿಟನ್‌ನಿಂದ ಆಪಲ್ ಗಣಕಗಳಲ್ಲಿ ರೂಟ್ ಕೂಡ ‘ಸಿಸ್ಟಮ್’ ಫೋಲ್ಡರನ್ನು ನೇರವಾಗಿ ತಿದ್ದಲಾಗದು. ಕುತಂತ್ರಾಂಶಗಳಿಂದ ಕಾಪಾಡಲು ಇದು ಬೇಕು, ಒಪ್ಪುತ್ತೇನೆ. ಆದರೆ ಯುನಿಕ್ಸ್‌ನ ನಿಯಮಗಳು ಹುಟ್ಟಿದ್ದು ಹಂಚಿಕೊಂಡವರ ನಡುವಿನ ನ್ಯಾಯಕ್ಕಾಗಿ. ಇಂದು ಯಂತ್ರ ಒಬ್ಬರದೇ. ಆದರೂ ನಡುವೆ ತಯಾರಕ ಕುಳಿತಿದ್ದಾನೆ. ಈ ರಕ್ಷಣೆಯನ್ನು ತೆಗೆಯುವ ದಾರಿ ಕೊಂಡವರಿಗೆ ಇನ್ನೂ ಇದೆ. ಆ ದಾರಿ ತೆರೆದಿರುವವರೆಗೆ ಮಾತ್ರ ‘ನನ್ನ ಕಂಪ್ಯೂಟರ್’ ಎಂಬ ಮಾತಿಗೆ ಅರ್ಥವಿದೆ.