ವಿಜಯನಗರದ ಅರಮನೆಯ ಮಲ್ಲಸ್ತ್ರೀಯರು

ವಿಜಯನಗರದ ಚರಿತ್ರೆಯನ್ನು ವ್ಯಾಸಂಗಮಾಡಿದವರಿಗೆ ಡೊಮಿಂಗೊ ಪಾಯೆಸ್, ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸರಿಬ್ಬರ ವೃತ್ತಾಂತಗಳು ಸುಪರಿಚಿತವಾದುವು. ಮೊದಲನೆಯವನು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ರಾಜಧಾನಿಯನ್ನು ಕಣ್ಣಾರೆ ಕಂಡವನು. ಎರಡನೆಯವನು ಕುದುರೆಯ ವ್ಯಾಪಾರಿ, ಅಚ್ಯುತರಾಯನ ಆಳಿಕೆಯಲ್ಲಿ ಸುಮಾರು 1535ರಲ್ಲಿ ಬರೆದವನು. ಇವುಗಳ ಮೂಲವು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸ್ಯೂವೆಲ್ಲನ ಗ್ರಂಥದಲ್ಲಿ ಇಂಗ್ಲಿಷ್ ಅನುವಾದವು ಹೊರಬಂದಿತು. ಅಂದಿನಿಂದ ಇವುಗಳಲ್ಲಿನ ರತ್ನದ ವ್ಯಾಪಾರ, ಮಹಾನವಮಿಯ ವೈಭವ, ಸೈನ್ಯದ ಗಣನೆ ಮೊದಲಾದುವು ಮತ್ತೆ ಮತ್ತೆ ಉದಾಹೃತವಾಗಿವೆ. ಅರಮನೆಯಲ್ಲಿ ಮಲ್ಲಯುದ್ಧವನ್ನು ಮಾಡುವ ಸ್ತ್ರೀಯರಿದ್ದರೆಂದು ಇಬ್ಬರೂ ಹೇಳಿರುವ ಮಾತು ಮಾತ್ರ, ಅಂತಃಪುರದ ವಿಲಾಸಗಳಲ್ಲಿ ಇದೂ ಒಂದೆಂಬಂತೆ, ಒಂದು ವಾಕ್ಯದಲ್ಲಿ ಮುಗಿದುಹೋಗುವುದುಂಟು. ಆ ಮಾತನ್ನು ಅದರ ಸಂದರ್ಭದಲ್ಲಿಟ್ಟು ಓದಿದರೆ ಬೇರೆಯ ಅರ್ಥವೇ ತೋರುತ್ತದೆ.

ಪಾಯೆಸನು ಸ್ತ್ರೀಯರನ್ನು ಎರಡು ಕಡೆಗಳಲ್ಲಿ ವರ್ಣಿಸಿರುವನು. ಮಹಾನವಮಿಯಲ್ಲಿ ಮೆರವಣಿಗೆ ಬರುವ ಪರಿಚಾರಿಕೆಯರನ್ನು ಕುರಿತು ಹೇಳುವಾಗ ಅವನ ಕಣ್ಣೆಲ್ಲವೂ ಅವರ ಆಭರಣಗಳ ಮೇಲೆಯೇ. ಮೈಮೇಲಣ ಚಿನ್ನದ ಭಾರವನ್ನು ತಾಳಲಾರದೆ ಕೆಲವರು ಬಳಲುತ್ತಿದ್ದರೆಂದೂ, ಪಕ್ಕದಲ್ಲಿ ನಡೆಯುವ ಹೆಂಗಸರು ಅವರ ತೋಳುಗಳಿಗೆ ಆಸರೆ ಕೊಡುತ್ತಿದ್ದರೆಂದೂ ಅವನು ಬೆರಗಿನಿಂದ ಬರೆಯುವನು. ಅದೇ ಲೇಖಕನು ಅರಮನೆಯೊಳಗಿನ ಊಳಿಗದ ಸ್ತ್ರೀಯರು 12,000 ಮಂದಿ ಇರುವರೆಂಬ ಕೇಳಿಕೆಯನ್ನು ತಿಳಿಸುವಾಗ ಆಭರಣಗಳ ಮಾತನ್ನೇ ಎತ್ತುವುದಿಲ್ಲ. ಕತ್ತಿ ಗುರಾಣಿಗಳನ್ನು ಹಿಡಿಯುವವರು, ಮಲ್ಲಯುದ್ಧವನ್ನು ಮಾಡುವವರು, ಕಹಳೆಯನ್ನೂದುವವರು, ಪಲ್ಲಕ್ಕಿಯನ್ನು ಹೊರುವವರು, ಬಟ್ಟೆಯನ್ನೊಗೆಯುವವರು, ಹೀಗೆ ಅವರವರ ಕೆಲಸದಿಂದಲೇ ಅವರನ್ನು ಗುರುತಿಸುವನು. ತೋಳಿಗೆ ಆಸರೆ ಬೇಕಾದವರು ಒಂದು ವರ್ಗ, ತೋಳಿನಿಂದಲೇ ಜೀವಿಸುವವರು ಮತ್ತೊಂದು ವರ್ಗ. ಈ ಭೇದವು ಪಾಯೆಸನು ಬೇಕೆಂದು ಕಲ್ಪಿಸಿದುದಲ್ಲ. ಆದುದರಿಂದಲೇ ಅದು ಹೆಚ್ಚು ವಿಶ್ವಾಸಾರ್ಹವಾದುದು.

ನೂನಿಜನ ಪಟ್ಟಿಯು ಇನ್ನೂ ಸ್ಪಷ್ಟವಾದುದು. ಮಲ್ಲಸ್ತ್ರೀಯರನ್ನು ಹೇಳಿದ ಒಡನೆಯೇ ಅವನು ಜೋಯಿಸಗಿತ್ತಿಯರನ್ನೂ ಶಕುನವನ್ನು ನುಡಿಯುವವರನ್ನೂ ಹೇಳುವನು. ಆಮೇಲೆ ಅರಮನೆಯ ಒಳಗಿನ ವೆಚ್ಚದ ಲೆಕ್ಕವನ್ನು ಬರೆಯುವ ಸ್ತ್ರೀಯರು. ಆಮೇಲೆ ರಾಜ್ಯದ ವ್ಯವಹಾರಗಳನ್ನು ಬರೆದಿಟ್ಟು ಹೊರಗಿನ ಕರಣಿಕರ ಪುಸ್ತಕಗಳೊಡನೆ ತಮ್ಮ ಪುಸ್ತಕಗಳನ್ನು ತಾಳೆನೋಡುವ ಸ್ತ್ರೀಯರು. ಇರುಳಿನಲ್ಲಿ ಅರಮನೆಯನ್ನು ಕಾಯುವವರು ಕೂಡ ಸ್ತ್ರೀಯರೇ ಎಂದು ಅವನು ಕೇಳಿರುವನು. ಗಣಿತವನ್ನಾಗಲಿ ಜ್ಯೋತಿಷವನ್ನಾಗಲಿ ಮುಖವನ್ನು ನೋಡಿ ಯಾರಿಗೂ ಒಪ್ಪಿಸುವುದಿಲ್ಲವಷ್ಟೆ. ಅಂಥ ವಿದ್ಯಾವತಿಯರ ಸಾಲಿನಲ್ಲಿ ಮಲ್ಲಿಯರೂ ನಿಂತಿರುವರು.

ಇದೆಲ್ಲವೂ ಅರಸನ ವಿನೋದಕ್ಕಾಗಿ ಮಾಡಿದ ಏರ್ಪಾಡೆಂದು ಕೆಲವರು ಆಕ್ಷೇಪಿಸಬಹುದು. ವಿನೋದವೆಂಬುದು ಸರಿಯೇ. ಆದರೆ ಕನ್ನಡನಾಡಿನ ಅರಸರಿಗೆ ಮಲ್ಲವಿನೋದವೆಂದರೆ ಏನೆಂಬುದನ್ನು ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಿಂದ ತಿಳಿಯಬೇಕು. ಸುಮಾರು 1129ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥದಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳನ್ನನುಸರಿಸಿ ತರಗತಿಗಳಾಗಿ ವಿಂಗಡಿಸಿದೆ. ಇಂದಿನ ಪಂದ್ಯಗಳಲ್ಲಿ ತೂಕವನ್ನು ನೋಡಿ ಜೋಡಿಯನ್ನು ಕಟ್ಟುವಂತೆಯೇ ಇದೂ. ಅವರ ಆಹಾರವೂ ಅಲ್ಲಿ ನಿಯತವಾಗಿದೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು, ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬವನ್ನು ಹಿಡಿದು ಸಾಧಕಮಾಡುವುದು ಇವೆಲ್ಲಕ್ಕೂ ಬೇರೆಬೇರೆ ಹೆಸರುಗಳುಂಟು. ದೇಹವು ಇಲ್ಲಿ ಗಣನೆಗೆ ಬರುವುದು ನಿಜ. ಆದರೆ ಅಳತೆಯಾಗಿ, ಅಲಂಕಾರವಾಗಿ ಅಲ್ಲ. ಸೋಮೇಶ್ವರನು ಹೇಳುವುದು ಪುರುಷರನ್ನು ಕುರಿತೇ. ಆದರೂ ಮಟ್ಟುಗಳನ್ನು ಕಲಿಯದೆ, ಬಿದ್ದು ಏಳುವುದನ್ನು ಅಭ್ಯಾಸಮಾಡದೆ ಹೆಣ್ಣಾದವಳು ಮಾತ್ರ ಮಲ್ಲಿಯಾಗುವುದು ಹೇಗೆ?

ಹೊರಗಿನ ಕಣದ ಕಠೋರತೆಯನ್ನೂ ಆ ಇಬ್ಬರು ಬರೆದಿಟ್ಟಿರುವರು. ಹಲ್ಲು ಮುರಿಯುವಂತೆ, ಮುಖ ವಿಕಾರವಾಗುವಂತೆ ಏಟುಗಳು ಬೀಳುತ್ತಿದ್ದುವೆಂದೂ, ಜೋಡಿಗಳನ್ನು ಸಮನಾಗಿ ನಿಲ್ಲಿಸಿ ಗೆದ್ದವನಿಗೆ ಮರ್ಯಾದೆಯನ್ನು ನಿರ್ಣಯಿಸುವವರಿದ್ದರೆಂದೂ ಪಾಯೆಸನ ಹೇಳಿಕೆ. ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರೆಂದು ನೂನಿಜನು ಹೇಳುವುದು ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಧರಿಸುವ ವಜ್ರಮುಷ್ಟಿಯನ್ನು ನೆನಪಿಗೆ ತರುತ್ತದೆ. ಸ್ತ್ರೀಯರು ಈ ಬಹಿರಂಗ ಕಣಕ್ಕೆ ಇಳಿಯುತ್ತಿದ್ದರೆಂದು ಇಬ್ಬರಲ್ಲಿ ಯಾರೂ ಹೇಳಿಲ್ಲ. ಹೇಳದುದನ್ನು ಅವರ ಬಾಯಲ್ಲಿ ಇಡುವುದು ನ್ಯಾಯವಲ್ಲ.

ಸಾಹಿತ್ಯದ ಅಧ್ಯಾಪಕರು ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ನಮ್ಮ ಕಾವ್ಯಗಳಲ್ಲಿ ಕಾದುವ ಹೆಣ್ಣು ಬರುವುದೇ ವಿರಳ. ಬಂದರೂ ಶೃಂಗಾರದ ಬಾಗಿಲಿನಿಂದಲೇ ಬರುವಳು. ಲಕ್ಷ್ಮೀಶನ ಜೈಮಿನಿ ಭಾರತದ ಪ್ರಮೀಳೆಯು ಸ್ತ್ರೀರಾಜ್ಯಕ್ಕೆ ಒಡತಿ, ಅರ್ಜುನನ ಯಜ್ಞಾಶ್ವವನ್ನು ಕಟ್ಟಿಸಿದವಳು. ಆದರೆ ಆಕೆಯ ಸೇನೆಯ ವರ್ಣನೆಯಲ್ಲಿ ಬಿಲ್ಲಿಗಿಂತ ಹುಬ್ಬಿಗೇ ಪ್ರಾಧಾನ್ಯ. ಕಥೆಯು ಪರ್ಯವಸಾನವಾಗುವುದೂ ವಿವಾಹದಲ್ಲಿಯೇ. ಇದು ಕವಿಯ ದೋಷವೆನ್ನುವುದಕ್ಕಿಂತ ಕವಿಸಮಯದ ಬಲವೆನ್ನಬೇಕು. ಕಾವ್ಯವನ್ನೇ ಪ್ರಮಾಣವಾಗಿಟ್ಟುಕೊಂಡು ಚರಿತ್ರೆಯನ್ನು ಬರೆಯುವವರು ಮಾತ್ರ ಎಚ್ಚರದಿಂದಿರುವುದು ಒಳ್ಳೆಯದು.

ಕಲ್ಲಿನ ಸಾಕ್ಷ್ಯವು ಬೇರೆ ಬಗೆಯದು. ಶ್ರವಣಬೆಳಗೊಳದ ವೀರಗಲ್ಲೊಂದರಲ್ಲಿ ಸಾವಿಯಬ್ಬೆಯೆಂಬ ಶ್ರಾವಕಿಯು ತನ್ನ ಪತಿ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗದಲ್ಲಿ ಹೋರಾಡಿ ಮಡಿದ ಸಂಗತಿಯುಂಟು. ಲಿಪಿಕಾರನು ಆಕೆಯನ್ನು ರೇವತಿ, ಸೀತೆ ಮೊದಲಾದವರಿಗೆ ಹೋಲಿಸಿ ಸಂಪ್ರದಾಯವನ್ನು ಪಾಲಿಸಿರುವನು. ಅದೇ ಕಲ್ಲನ್ನು ಕಡೆದ ಶಿಲ್ಪಿಯಾದರೋ ಆಕೆಯನ್ನು ಕುದುರೆಯ ಮೇಲೆ ಕುಳ್ಳಿರಿಸಿ, ಕೈಗೆ ಕತ್ತಿಯನ್ನು ಕೊಟ್ಟು, ಆನೆಯನ್ನೇರಿದ ವೈರಿಯ ಇದಿರಿಗೆ ನಿಲ್ಲಿಸಿರುವನು. ಆಕೆ ಏನು ಮಾಡಿದಳೆಂಬುದನ್ನು ನೋಡುಗನಿಗೆ ತಿಳಿಸುವುದು ಲಿಪಿಯ ಉಪಮೆಗಳಲ್ಲ, ಶಿಲ್ಪದಲ್ಲಿನ ಎತ್ತಿದ ಕೈ.

ಇದು ರಣರಂಗದ ಮಾತಾಯಿತು. ಮಲ್ಲರಂಗಕ್ಕೇ ಸೇರಿದ ಒಂದು ಶಾಸನವೂ ವಿಜಯನಗರದ ಕಾಲದ್ದೇ, ಪಾಯೆಸನಿಗಿಂತ ಮೊದಲಿನದು, 15ನೆಯ ಶತಮಾನಕ್ಕೆ ಸೇರಿದುದು. ಕುಸ್ತಿಯಲ್ಲಿ ತನ್ನ ತಂದೆಯನ್ನು ಕೊಂದ ಜಟ್ಟಿಗಳನ್ನು ಹರಿಯಕ್ಕನೆಂಬಾಕೆ ಕಣಕ್ಕೆ ಕರೆದು, ಕಾದಿ, ಕೊಂದಳೆಂಬುದು ಅದರ ಸಾರ. ತಂದೆಯ ಸೇಡನ್ನು ತೀರಿಸಿಕೊಳ್ಳಲು ಮಗಳು ಆರಿಸಿಕೊಂಡದ್ದು ವಿಷವನ್ನಾಗಲಿ, ಕೂಲಿಯ ಕೊಲೆಗಾರನನ್ನಾಗಲಿ, ಅರಸನ ನ್ಯಾಯಸ್ಥಾನವನ್ನಾಗಲಿ ಅಲ್ಲ, ಅದೇ ಕುಸ್ತಿಯ ಕಣವನ್ನು. ಇದರಿಂದ ಎರಡಂಶಗಳನ್ನು ಊಹಿಸಬಹುದು. ಜಟ್ಟಿಯ ಮನೆಯಲ್ಲಿ ವಿದ್ಯೆಯು ಮಗಳಿಗೂ ದೊರೆಯುತ್ತಿತ್ತು. ಮತ್ತು ಹೆಣ್ಣಿನ ಕರೆಯನ್ನು ನಗೆಗೀಡುಮಾಡದೆ ಪುರುಷ ಮಲ್ಲರು ಅದಕ್ಕೆ ಓಗೊಡುತ್ತಿದ್ದರು. ಅರಮನೆಯ ಮಲ್ಲಸ್ತ್ರೀಯರು ಅಂಥ ಮನೆತನಗಳಿಂದಲೇ ಬಂದವರಾಗಿದ್ದರೆ ಆಶ್ಚರ್ಯವಿಲ್ಲ.

ಹರಿಯಕ್ಕನ ಹೆಸರು ಕಲ್ಲಿನಿಂದ ಉಳಿಯಿತು. ಪಾಯೆಸ್ ನೂನಿಜರು ಹೇಳಿದ ಸ್ತ್ರೀಯರಲ್ಲಿ ಒಬ್ಬಳ ಹೆಸರೂ ಅವರ ಪುಟಗಳಲ್ಲಿಲ್ಲ. ಅರಮನೆಯ ವೆಚ್ಚವನ್ನು ಬರೆಯುತ್ತಿದ್ದವರು ಸ್ತ್ರೀಯರೇ ಆದುದರಿಂದ, ಮಲ್ಲಿಯರಿಗೆ ಸಂದ ಸಂಬಳ ಉಂಬಳಿಗಳು ಅವರ ಕಡತಗಳಲ್ಲಿ ಹೆಸರುಸಹಿತವಾಗಿ ನಮೂದಾಗಿದ್ದಿರಬೇಕು. 1565ರ ಯುದ್ಧದ ಬಳಿಕ ನಗರವು ಸೂರೆಹೋಯಿತು. ಆ ಕಡತಗಳಲ್ಲಿ ಒಂದೂ ಇಂದಿನವರೆಗೆ ದೊರೆತಿಲ್ಲ.